ಚೆಕಿಂಗ್ ಟೇಬಲ್ ಮೇಲೆ ಕಣ್ಣು ಹೇಗೆ ಓಡಬೇಕು? ನೋಡಿದ ಪೀಸಿನಲ್ಲೇ ಫಾಲ್ಟ್ ಉಳೀತಿದೆ

ಬಳ್ಳಾರಿ_ಫಿನಿಶಿಂಗ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಜೀನ್ಸ್ ಯುನಿಟ್‌ನ ಫಿನಿಶಿಂಗ್ ಸೆಕ್ಷನ್ ವಿಷಯ ಇದು. ವಾಶಿಂಗ್‌ನಿಂದ ಬಂದ ಮಾಲು ದಾರ ಕಟಿಂಗ್ ಆಗಿ ಚೆಕಿಂಗ್ ಟೇಬಲ್‌ಗೆ ಬರುತ್ತೆ. ಇಬ್ಬರು ಚೆಕರ್, ಒಬ್ಬೊಬ್ಬರಿಗೆ ದಿನಕ್ಕೆ 600 ಪೀಸು. ಊಟ, ಟೀ ಕಳೆದು 7 ಗಂಟೆ ಅಂತ ಹಿಡಿದರೆ ಪೀಸಿಗೆ 42 ಸೆಕೆಂಡು. ಎತ್ತೋದು, ತಿರುಗಿಸೋದು, ಮಡಚಿ ಇಡೋದಕ್ಕೆ 12 ಸೆಕೆಂಡು ಹೋಗುತ್ತೆ. ನೋಡೋಕೆ ಅಂತ ಉಳಿಯೋದು 30 ಸೆಕೆಂಡು.

ಇಬ್ಬರೂ ಮನಸಿಟ್ಟು ಕೆಲಸ ಮಾಡೋರು. ಆದರೂ ಪಾರ್ಟಿ (ಮಾಲು ಕೊಳ್ಳೋರು) ಕಡೆಯಿಂದ ವಾಪಸ್ ಬರೋ ಮಾಲಿನಲ್ಲಿ ಇವೇ ಮತ್ತೆ ಮತ್ತೆ ಸಿಗ್ತಿವೆ: ಇನ್‌ಸೀಮ್‌ನಲ್ಲಿ (ಕಾಲಿನ ಒಳಮಗ್ಗುಲ ಹೊಲಿಗೆ), ಅದರಲ್ಲೂ ಮೊಣಕಾಲಿನ ಕೆಳಗೆ, ಹೊಲಿಗೆ ಬಿಟ್ಟಿರೋದು. ಪಾಕೆಟ್ ಮೂಲೆಯಲ್ಲಿ ರಿವಿಟ್ (ಲೋಹದ ಸಣ್ಣ ಮೊಳೆ) ಇಲ್ಲದಿರೋದು. ಬೆಲ್ಟ್ ತೂರಿಸೋ ಲೂಪಿನ ಕೆಳಗೆ ಬಾರ್‌ಟ್ಯಾಕ್ (ಬಿಗಿಗೆ ಹಾಕೋ ಒತ್ತು ಹೊಲಿಗೆ) ಬೀಳದಿರೋದು. ಇನ್ನೊಂದು ಅರ್ಥವೇ ಆಗದ್ದು: ಫಾಲ್ಟ್ ಹಿಡಿದು, ಸ್ಟಿಕರ್ ಹಚ್ಚಿ, ಆಲ್ಟರ್‌ಗೆ (ರಿಪೇರಿಗೆ) ಕಳಿಸಿ ಸರಿಮಾಡಿಸಿದ ಪೀಸೇ ಬೇರೆ ಒಂದು ಫಾಲ್ಟ್ ಇಟ್ಟುಕೊಂಡು ಪಾರ್ಟಿಗೆ ಹೋಗಿರುತ್ತೆ. ಮಧ್ಯಾಹ್ನ 3ರ ಮೇಲೆ ಎಲ್ಲವೂ ಜಾಸ್ತಿ.

ಕೇಳಬೇಕಾದ್ದು ಇಷ್ಟು. ಹುಡುಕುವಾಗ ಕಣ್ಣು ತಾನಾಗೇ ಹೇಗೆ ಓಡುತ್ತೆ? ಅದನ್ನ ತಿದ್ದೋಕೆ ಆಗುತ್ತಾ, ಇಲ್ಲ ಟೇಬಲ್, ಲೈಟು, ಕ್ರಮ ಇವನ್ನ ಬದಲಾಯಿಸಬೇಕಾ? 30 ಸೆಕೆಂಡು ಸಾಕಾ?


ನೋಟ_ಪಾಠ

ಶ್ರದ್ಧೆ ಕಡಿಮೆಯಾಗಿ ಆಗುವ ತಪ್ಪುಗಳಲ್ಲ ಇವು. ನೀವು ಬರೆದ ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೊದಲು ಕಣ್ಣಿನ ನಡೆ. ‘ಕಣ್ಣು ಹಾಯಿಸು’ ಅಂತ ಹೇಳುವುದು ರೂಢಿ. ಆದರೆ ಅಲುಗಾಡದೆ ಬಿದ್ದಿರುವ ಬಟ್ಟೆಯ ಮೇಲೆ ಕಣ್ಣು ಹಾಯುವುದೇ ಇಲ್ಲ. ಅದು ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಒಂದು ನಿಲುಗಡೆ ಸುಮಾರು 200ರಿಂದ 300 ಮಿಲಿಸೆಕೆಂಡು, ಒಂದು ಜಿಗಿತ 20ರಿಂದ 50. ಜಿಗಿಯುವಾಗ ಕಣ್ಣಿಗೆ ಬೀಳುವ ಕಲಸಿದ ಚಿತ್ರವನ್ನು ಮಿದುಳು ಅದುಮಿಬಿಡುತ್ತದೆ. ಅಂದರೆ ಕಾಣುವುದೆಲ್ಲ ನಿಂತಾಗ ಮಾತ್ರ. ಪರೀಕ್ಷೆ ಸುಲಭ: ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ, ಮತ್ತೆ ಎಡಕ್ಕೆ ಬನ್ನಿ. ನಿಮ್ಮ ಕಣ್ಣು ಅಲುಗಾಡಿದ್ದು ನಿಮಗೆ ಒಮ್ಮೆಯೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯದು, ನಿಂತಾಗಲೂ ಎಷ್ಟು ಕಾಣುತ್ತದೆ ಅನ್ನುವುದು. ತೋಳು ಚಾಚಿ ಹೆಬ್ಬೆರಳಿನ ಉಗುರು ನೋಡಿ. ಸುಮಾರು ಅಷ್ಟೇ ಅಗಲ, 2 ಡಿಗ್ರಿಯ ಆಸುಪಾಸು, ನಿಚ್ಚಳವಾಗಿ ಕಾಣುವ ಜಾಗ. ಟೇಬಲ್ ಮೇಲಿನ ಬಟ್ಟೆ ಕಣ್ಣಿಂದ 55 ಸೆಂ.ಮೀ. ದೂರದಲ್ಲಿದ್ದರೆ ಅದು ಸುಮಾರು 2 ಸೆಂ.ಮೀ. ಅದರಾಚೆ ಕಾಣುವುದೆಲ್ಲ ಮಸಕು. ‘ಏನೋ ಇದೆ’ ಅಂತ ಸುಳಿವು ಕೊಟ್ಟು ಮುಂದಿನ ಜಿಗಿತ ಎಲ್ಲಿಗೆ ಅಂತ ತೋರಿಸುವುದಕ್ಕೆ ಅಷ್ಟು ಸಾಕು. ಫಾಲ್ಟು ಎದ್ದು ಕಾಣುವಂಥದ್ದಾದರೆ ಒಂದು ನಿಲುಗಡೆಯಲ್ಲಿ ಹಿಡಿಯುವ ವ್ಯಾಪ್ತಿ ದೊಡ್ಡದಾಗುತ್ತದೆ, ಬಟ್ಟೆಯೊಳಗೆ ಬೆರೆತುಹೋಗುವಂಥದ್ದಾದರೆ ಸಣ್ಣದಾಗುತ್ತದೆ.

ಈಗ ನಿಮ್ಮ 30 ಸೆಕೆಂಡು ಅಳೆಯೋಣ. 34 ಸೈಜಿನ ಒಂದು ಪ್ಯಾಂಟಿನ ಹೊಲಿಗೆಯ ಉದ್ದ ಅಂದಾಜು ಹೀಗೆ: ಔಟ್‌ಸೀಮ್ (ಕಾಲಿನ ಹೊರಮಗ್ಗುಲ ಹೊಲಿಗೆ) ಎರಡೂ ಸೇರಿ 200 ಸೆಂ.ಮೀ., ಇನ್‌ಸೀಮ್ 150, ಬೆಲ್ಟಿನ (ಸೊಂಟದ ಪಟ್ಟಿಯ) ಮೇಲೆ ಕೆಳಗೆ 170, ಕಾಲಿನ ಬಾಟಮ್ 80, ಹಿಂದಿನ ಪಾಕೆಟ್ ಎರಡೂ ಸೇರಿ 90, ಯೋಕ್ (ಹಿಂಭಾಗದಲ್ಲಿ ಬೆಲ್ಟಿನ ಕೆಳಗಿನ ಪಟ್ಟಿ) 45, ಮುಂದಿನ ಪಾಕೆಟ್ ಬಾಯಿ 34, ಫ್ಲೈ (ಮುಂದಿನ ಜಿಪ್ ಪಟ್ಟಿ) 25, ಮುಂದೆ ಹಿಂದೆ ರೈಸ್ (ಸೊಂಟದಿಂದ ತೊಡೆ ಸಂಧಿವರೆಗಿನ ಹೊಲಿಗೆ) 60. ಒಟ್ಟು ಎಂಟೂವರೆ ಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ನಿಲುಗಡೆಗೆ 5 ಸೆಂ.ಮೀ. ಹೊಲಿಗೆ ಹಿಡಿಯಬಹುದು ಅಂದುಕೊಂಡರೂ 170 ನಿಲುಗಡೆ ಬೇಕು. ಜಿಗಿತ ಸೇರಿಸಿ ಒಂದಕ್ಕೆ 0.3 ಸೆಕೆಂಡು, ಒಟ್ಟು 51 ಸೆಕೆಂಡು. ನಿಮ್ಮಲ್ಲಿರುವ 30 ಸೆಕೆಂಡಿಗೆ 100 ನಿಲುಗಡೆ, ಅಂದರೆ 5 ಮೀಟರು. ಉಳಿದ ಮೂರೂವರೆ ಮೀಟರಿನ ಮೇಲೆ ನೋಟ ಬೀಳುವುದೇ ಇಲ್ಲ. ಯಾವ ಮೂರೂವರೆ ಮೀಟರು ಅನ್ನುವುದನ್ನು ಕಣ್ಣು ತಾನೇ ಆರಿಸಿಕೊಳ್ಳುತ್ತದೆ. ಕಣ್ಣಿಗೆ ನಡುಭಾಗ ಇಷ್ಟ, ಮಾಹಿತಿ ದಟ್ಟವಾಗಿರುವ ಜಾಗ ಇಷ್ಟ: ಬೆಲ್ಟ್, ಫ್ಲೈ, ಪಾಕೆಟ್. ಮೊಣಕಾಲಿನ ಕೆಳಗೆ ಎರಡು ಬೋಳು ಕೊಳವೆ, ಅದೂ ಟೇಬಲ್ಲಿನ ಅಂಚಿನಲ್ಲಿ. ಅದು ಬಿಟ್ಟುಹೋಗುವುದು ಸಹಜ.

ರಿವಿಟ್, ಬಾರ್‌ಟ್ಯಾಕ್ ‘ಇಲ್ಲದಿರುವುದು’ ಇನ್ನೊಂದು ಬಗೆಯ ಕಷ್ಟ. ಇರುವ ಗುರುತನ್ನು ಹುಡುಕುವುದಕ್ಕಿಂತ ಇಲ್ಲದ ಗುರುತನ್ನು ಹುಡುಕುವುದು ನಿಧಾನ. ಟ್ರೀಸ್‌ಮನ್ ಮತ್ತು ಸೌದರ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿದ್ದು ಇದನ್ನೇ: ಬಾಲವಿಲ್ಲದ ಸೊನ್ನೆಗಳ ನಡುವೆ ಬಾಲವಿರುವ ಒಂದು ಸೊನ್ನೆ ತಾನಾಗಿ ಎದ್ದು ಕಾಣುತ್ತದೆ, ಬಾಲವಿರುವವುಗಳ ನಡುವೆ ಬಾಲವಿಲ್ಲದ ಒಂದನ್ನು ಹುಡುಕಬೇಕಾದರೆ ಒಂದೊಂದಾಗಿ ನೋಡುತ್ತ ಹೋಗಬೇಕು. ಅದಕ್ಕೆ ಇಂಥದ್ದನ್ನು ಹುಡುಕಿಸಬೇಡಿ, ಎಣಿಸಿರಿ. ಸ್ಪೆಕ್ (ಪೀಸು ಹೇಗಿರಬೇಕು ಅನ್ನುವ ವಿವರ) ಪ್ರಕಾರ ರಿವಿಟ್ ಎಷ್ಟು, ಲೂಪ್ ಎಷ್ಟು ಅನ್ನುವುದು ಟೇಬಲ್ ಮೇಲೆ ಬರೆದಿರಲಿ. ಬೆರಳಿನಿಂದ ಮುಟ್ಟಿ, ಬಾಯಲ್ಲಿ ಎಣಿಸಿ.

ಒಂದು ಫಾಲ್ಟ್ ಹಿಡಿದ ಪೀಸಿನಲ್ಲಿ ಎರಡನೆಯದು ಉಳಿಯುವುದನ್ನು ಎಕ್ಸ್-ರೇ ನೋಡುವ ವೈದ್ಯರಲ್ಲಿ 1960ರ ದಶಕದಿಂದ ಗುರುತಿಸಿದ್ದಾರೆ. ಒಂದು ಸಿಕ್ಕ ಕೂಡಲೇ ಹುಡುಕಾಟ ಮುಗಿದಂತೆ ಮನಸ್ಸಿಗೆ ಅನ್ನಿಸುತ್ತದೆ. ನಿಮ್ಮಲ್ಲಿ ಅದರ ಜೊತೆ ಕೈಯೂ ಸ್ಟಿಕರಿಗೆ ಹೋಗುತ್ತದೆ, ಪೀಸು ಪಕ್ಕದ ಗುಡ್ಡೆಗೆ ಬೀಳುತ್ತದೆ. ಮಿಕ್ಕ ಭಾಗ ನೋಡಿದವರೇ ಇಲ್ಲ. ಸ್ಟಿಕರ್ ಹಚ್ಚಿ, ಬಿಟ್ಟ ಜಾಗದಿಂದಲೇ ಮುಂದುವರಿದು ಕೊನೆ ಮುಟ್ಟಬೇಕು. ಆಲ್ಟರ್ ಆಗಿ ಬಂದ ಪೀಸನ್ನು ಸರಿಮಾಡಿದ ಜಾಗ ಮಾತ್ರ ನೋಡಿ ದಾಟಿಸದೆ ಹೊಸ ಪೀಸಿನ ಹಾಗೆ ಪೂರ್ತಿ ನೋಡಬೇಕು.

ಮಧ್ಯಾಹ್ನದ್ದಕ್ಕೆ ಎರಡು ಕಾರಣ. ಮ್ಯಾಕ್‌ವರ್ತ್ 1948ರಲ್ಲಿ ಗಡಿಯಾರದ ಮುಳ್ಳಿನಂಥ ಸಾಧನ ಇಟ್ಟು ಪರೀಕ್ಷಿಸಿದಾಗ, ಅಪರೂಪದ ಸುಳಿವಿಗೆ ಕಾದು ನೋಡುವವರ ಪತ್ತೆ ಮೊದಲ ಅರ್ಧ ಗಂಟೆಯಲ್ಲೇ ಇಳಿಯಿತು. ಇದು ಬೆಳಿಗ್ಗೆಯೂ ಆಗುತ್ತದೆ, ಸಂಜೆಗೆ ಸೇರುತ್ತಾ ಹೋಗುತ್ತದೆ. ಇನ್ನೊಂದು, ಫಾಲ್ಟ್ ಕಡಿಮೆ ಇದ್ದಷ್ಟೂ ಜನ ಬೇಗ ‘ಇಲ್ಲ’ ಅಂದುಬಿಡುತ್ತಾರೆ. ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಡುಕುವ ವಸ್ತು ಅರ್ಧದಷ್ಟು ಸಲ ಇದ್ದಾಗ ತಪ್ಪಿದ್ದು ಸುಮಾರು 7%; 100ಕ್ಕೆ ಒಂದೇ ಸಲ ಇದ್ದಾಗ ಸುಮಾರು 30%. ವಸ್ತು ಅದೇ, ನೋಡುವವರೂ ಅಂಥವರೇ.

ಮದ್ದಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ವಾಪಸ್ ಬಂದ 20 ಪೀಸು ತೆಗೆದುಕೊಂಡು, ಫಾಲ್ಟ್ ಇರುವ ಒಂದು ಗೇಣು ಜಾಗವನ್ನು ಕೈಯಿಂದ ತೋರಿಸಿ ಅದೇ ಚೆಕರನ್ನು ಕೇಳಿ: ‘ಇಷ್ಟರೊಳಗೆ ಏನಾದರೂ ಇದೆಯಾ?’ ತಟ್ಟನೆ ಕಂಡರೆ, ಮೊದಲ ಸಲ ಕಣ್ಣು ಅಲ್ಲಿಗೆ ಹೋಗಿರಲಿಲ್ಲ. ತೋರಿಸಿದರೂ ಕಾಣದಿದ್ದರೆ ಬೆಳಕು, ದಾರದ ಬಣ್ಣ ಅಥವಾ ಕನ್ನಡಕದ ತೊಂದರೆ. ಕಂಡು ‘ಇದು ನಡೀತದೆ’ ಅಂದರೆ ಮಿತಿ ಯಾವುದು ಅಂತ ಹೇಳಿಕೊಟ್ಟಿಲ್ಲ. ಶ್ವಾಸಕೋಶದ ಎಕ್ಸ್-ರೇ ತಪ್ಪುಗಳನ್ನು ಕುಂಡೆಲ್, ನೋಡೀನ್, ಕಾರ್ಮೊಡಿ 1978ರಲ್ಲಿ ಈ ಮೂರು ಬಗೆಗೇ ವಿಂಗಡಿಸಿದರು. ಮೂರಕ್ಕೂ ಒಂದೇ ಬೈಗುಳ ಹಾಕಿದರೆ ಒಂದೂ ಸರಿಹೋಗದು.


ಮೊರ_ಗಂಗಾವತಿ

ಮ್ಯಾಲೆ ಬರದದ್ದಕ್ಕೆ ಒಂದು ಮಾತು ಸೇರಸ್ತೀನ್ರಿ. ಕಣ್ಣು ಜಿಗೀತೈತಿ ಅನ್ನೋದು ಅಕ್ಕಿ ಹಸನ ಮಾಡೋರ ಕೈ ನೋಡಿದ್ರ ತಿಳೀತೈತಿ. ಮೊರದಾಗ ಅಕ್ಕಿ ಗುಡ್ಡಿ ಒಂದು ಕಡೆ ಇರ್ತೈತಿ. ಅದರಿಂದ ನಾಲ್ಕು ಬೆರಳಿನಷ್ಟು ಅಗಲ ಅಕ್ಕಿ ಎಳೀತಾರ, ಒಂದರ ಮ್ಯಾಲೆ ಒಂದು ಕೂಡದಂಗ ತೆಳ್ಳಗ ಹರಡ್ತಾರ, ನೋಡ್ತಾರ, ಆಚಿ ದಂಡಿಗೆ ದೂಡ್ತಾರ, ಮತ್ತ ನಾಲ್ಕು ಬೆರಳು ಎಳೀತಾರ. ನೋಡಿದ್ದು ಆ ಕಡೆ, ನೋಡದ್ದು ಈ ಕಡೆ. ಎಲ್ಲಿ ತನ ನೋಡೀನಿ ಅನ್ನೋದನ್ನ ತಲಿ ನೆನಪಿಡೋದು ಬ್ಯಾಡ, ಬೆರಳು ನೆನಪಿಡ್ತೈತಿ.

ತೆಳ್ಳಗ ಯಾಕ ಹರಡಬೇಕು? ಒಂದರ ಪಕ್ಕ ಒಂದು ಒತ್ತಿಕೊಂಡಿದ್ರ ಕಣ್ಣಂಚಿಗೆ ಬಿದ್ದದ್ದು ಬಿಡಿಬಿಡಿಯಾಗಿ ತಿಳಿಯಂಗಿಲ್ಲ. ಬೌಮಾ ಅನ್ನೋ ಸಂಶೋಧಕರು 1970ರಾಗ ಇದಕ್ಕ ಒಂದು ಅಳತಿ ಕೊಟ್ಟಾರ: ನೋಟದಿಂದ ಎಷ್ಟು ದೂರ ಐತೋ ಅದರ ಅರ್ಧದಷ್ಟು ಜಾಗ ಸುತ್ತ ಖಾಲಿ ಇರಬೇಕು. ನೋಟದಿಂದ 5 ಸೆಂ.ಮೀ. ಆಚಿ ಬಿದ್ದ ಹರಳು ಗೊತ್ತಾಗಬೇಕಂದ್ರ ಅದರ ಸುತ್ತ ಎರಡೂವರೆ ಸೆಂ.ಮೀ. ಬಯಲಿರಬೇಕು. ಅಕ್ಕಿಯೊಳಗ ಅಂಥಾ ಬಯಲು ಎಲ್ಲಿ ಸಿಗ್ತೈತಿ? ಅದಕ್ಕ ನೋಟನ ಅದರ ಮ್ಯಾಲೆ ಹೋಗಬೇಕು.

ಕರೀ ಕಲ್ಲು ಮಾತ್ರ ಬ್ಯಾರೆ. ಸೋನಾ ಮಸೂರಿ ಒಳಗ ಅದು ಗುಡ್ಡಿ ಮ್ಯಾಲಿದ್ರೂ ತಾನ ಕಣ್ಣಿಗೆ ಬೀಳ್ತೈತಿ, ಹುಡುಕೂದ ಬ್ಯಾಡ. ಅಕ್ಕಿಕಾಳಿನ ಬಣ್ಣದ್ದೇ, ಅಷ್ಟೇ ಗಾತ್ರದ್ದೇ ಬಿಳಿ ಹರಳು ಬೀಳಂಗಿಲ್ಲ. ಅದಕ್ಕ ರೈಸ್ ಮಿಲ್ಲಿನಾಗ ಎರಡು ಮಷಿನ್ ಇರ್ತಾವ: ಬಣ್ಣ ಕೆಟ್ಟ ಕಾಳಿಗೆ ಕ್ಯಾಮೆರಾ ಇರೋ ಸಾರ್ಟೆಕ್ಸ್, ಕಲ್ಲಿಗೆ ತೂಕದ ಮ್ಯಾಲೆ ಬ್ಯಾರೆ ಮಾಡೋ ಮಷಿನ್. ಬಣ್ಣ ಗುರುತು ಕೊಡದಿದ್ದಲ್ಲಿ ಬ್ಯಾರೆ ಗುರುತು ಹಿಡೀಬೇಕು. ನಿಮ್ಮ ಇನ್‌ಸೀಮ್ ದಾರ ಬಟ್ಟಿ ಬಣ್ಣದ್ದೇ ಇದ್ರ ಅದು ಬಿಳಿ ಹರಳು ಇದ್ದಂಗ್ರಿ. ಕಣ್ಣಿಗಷ್ಟ ಬಿಡಬ್ಯಾಡ್ರಿ, ಹೆಬ್ಬೆರಳು ಆಡಿಸಿ ನೋಡಸ್ರಿ.

ಕಣ್ಣು ಹಾಯಿಸೋದಲ್ಲ, ಕಣ್ಣು ನೆಡೋದು. ಭತ್ತದ ನಾಟಿ ಮಾಡೋರು ಗೆರೀ ಹಿಡಿದು ಒಂದು ಹೆಜ್ಜಿಗೆ ಒಂದು ಗುಂಪು ಊರ್ತಾರಲ್ಲ, ಹಂಗ.


ಹತ್ತಿ_ಹೊಲ_ರಾಯಚೂರು

ಜೀನ್ಸ್ ಗೊತ್ತಿಲ್ಲ, ಆದರೆ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಹುಡುಕುವಾಗಲೂ ಇದೇ ತಪ್ಪು ನಡೆಯುತ್ತೆ, ಅದಕ್ಕೆ ಬರೀತಿದ್ದೇನೆ.

ಬದುವಿನ ಮೇಲೆ ನಡೆಯುತ್ತಾ ‘ಹೊಲ ನೋಡಿದೆ’ ಅನ್ನೋದು ನೋಟವೇ ಅಲ್ಲ. ನಡೆಯುವಾಗ ಕಣ್ಣಿನ ಅರ್ಧ ಕೆಲಸ ಕಾಲಿಡುವ ಜಾಗ ನೋಡೋದರಲ್ಲೇ ಹೋಗುತ್ತೆ, ಜೊತೆಗೆ ಬದುವಿನ ಸಾಲೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ. ಒಳಗೆ ಅಂಕುಡೊಂಕಾಗಿ ಹೋಗಿ ಎಕರೆಗೆ 5 ಜಾಗದಲ್ಲಿ ನಿಲ್ಲಬೇಕು, ಒಂದೊಂದರಲ್ಲಿ 4 ಗಿಡ, ಒಟ್ಟು 20. ಎಲ್ಲಿ ನಿಲ್ಲಬೇಕು ಅನ್ನೋದನ್ನ ಕಣ್ಣಿಗೆ ಕೇಳಬಾರದು. ಕಣ್ಣು ಯಾವಾಗಲೂ ಬಾಡಿದ ಗಿಡವನ್ನೋ ಚೆನ್ನಾಗಿರೋ ಗಿಡವನ್ನೋ ಆರಿಸುತ್ತೆ. ಹೆಜ್ಜೆ ಎಣಿಸಿ ನಿಲ್ಲಿ.

ಗಿಡದ ಮುಂದೆ ನಿಂತ ಮೇಲೆ ಒಂದು ಸಲಕ್ಕೆ ಒಂದೇ ವಿಷಯ. ಮೊದಲು ಹೂ ಮಾತ್ರ: ಎಸಳು ಅರಳದೆ ನೂಲಿನಿಂದ ಹೆಣೆದುಕೊಂಡು ಗುಲಾಬಿ ಮೊಗ್ಗಿನ ಹಾಗೆ ಮುಚ್ಚಿರೋದು. ಇದು ಬೇಗ ಕಣ್ಣಿಗೆ ಬೀಳುತ್ತೆ. ಆಮೇಲೆ ಎಲೆ: ಮೇಲೊಂದು, ನಡುವೊಂದು, ಕೆಳಗೊಂದು, ತಿರುಗಿಸಿ ಹಿಂಭಾಗ, ರಸ ಹೀರುವ ಹುಳಕ್ಕೆ. ಹೂವಿನ ಜೊತೆ ಎಲೆ ನೋಡೋಕೆ ಹೋದರೆ ಎರಡೂ ಅರ್ಧ ಆಗುತ್ತೆ. ಕಾಯಿಯನ್ನಂತೂ ಹೊರಗಿಂದ ನೋಡಿ ತೀರ್ಮಾನ ಮಾಡೋದೇ ಬೇಡ. ಹುಳ ಒಳಹೋದ ತೂತು ಮುಚ್ಚಿಕೊಂಡಿರುತ್ತೆ, ಹೊರಬಂದ ತೂತು ಕಾಣುವಷ್ಟರಲ್ಲಿ ಹಾನಿ ಆಗಿಹೋಗಿರುತ್ತೆ. 20 ಹಸಿರು ಕಾಯಿ ಕಿತ್ತು ಒಡೆದು ನೋಡಿ, 2ರಲ್ಲಿ ಜೀವಂತ ಹುಳ ಇದ್ದರೆ ಔಷಧಿ ಹೊಡೆಯುವ ಹಂತ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನ ಸೆಳೆಯುವ ಮೋಹಕ ಬಲೆಯಲ್ಲಾದರೆ ಸತತ 3 ರಾತ್ರಿ, ರಾತ್ರಿಗೆ ಬಲೆಗೆ 8 ಪತಂಗ ಬಿದ್ದರೆ ಆ ಹಂತ.

ನಿಮಗೆ ಇದರಲ್ಲಿ ಬೇಕಾಗೋದು ಎರಡೇ: ಜಾಗ ಆರಿಸೋದನ್ನ ಕಣ್ಣಿಗೆ ಬಿಡಬೇಡಿ, ಒಂದು ಸುತ್ತಿಗೆ ಒಂದೇ ಬಗೆ.


ಕ್ಯೂಸಿ_ಮುಂಡರಗಿ

ಮೇಲಿನವರು ಹೇಳಿದ್ದನ್ನ ಟೇಬಲ್‌ಗೆ ಇಳಿಸೋಣ.

ಲೈಟು ಮೊದಲು. ಟ್ಯೂಬ್ ನೇರ ತಲೆ ಮೇಲಿದ್ದರೆ ಹೊಲಿಗೆ ಚಪ್ಪಟೆಯಾಗಿ ಕಾಣುತ್ತೆ. ಇಂಚಿಗೆ 7 ಹೊಲಿಗೆ ಅಂದರೆ ಒಂದೊಂದು 3.6 ಮಿ.ಮೀ. ಒಂದು ಬಿಟ್ಟರೆ ಅಲ್ಲಿ 7 ಮಿ.ಮೀ. ಉದ್ದದ ಒಂದು ಗೆರೆ, ಅಷ್ಟೇ ವ್ಯತ್ಯಾಸ. ಕಪ್ಪು ಡೆನಿಮ್ ಮೇಲೆ ಕಪ್ಪು ದಾರ ಆದರೆ ಬಣ್ಣದಿಂದ ಅದು ಸಿಗಲ್ಲ, ನೆರಳಿನಿಂದ ಸಿಗುತ್ತೆ. ಹೊಲಿಗೆಯ ಒಂದೊಂದು ಉಬ್ಬಿಗೂ ಒಂದು ಸಣ್ಣ ನೆರಳು ಬೀಳಬೇಕು. ಅದಕ್ಕೆ ಟೇಬಲ್ಲಿನ ಒಂದು ಪಕ್ಕಕ್ಕೆ, ಬಟ್ಟೆಯಿಂದ ಒಂದೂವರೆ ಅಡಿ ಎತ್ತರಕ್ಕೆ ಒಂದು ಎಲ್‌ಇಡಿ ಬ್ಯಾಟನ್ ಹಾಕಿ, ಬೆಳಕು ಬಟ್ಟೆ ಸವರಿಕೊಂಡು ಹೋಗಲಿ, ಚೆಕರ್ ಕಣ್ಣಿಗೆ ನೇರ ಹೊಡೀದಿರಲಿ. ಮೇಲಿನ ಲೈಟು ಸೇರಿ ಬಟ್ಟೆಯ ಮೇಲೆ 1000 ಲಕ್ಸ್ ಹತ್ತಿರ ಸಿಕ್ಕರೆ ಒಳ್ಳೆಯದು. ಟೇಬಲ್ ಮೇಲ್ಮೈ ಹೊಳಪಿಲ್ಲದ ತಿಳಿಬೂದು. ಮಿಂಚುವ ಬಿಳಿ ಸನ್ಮೈಕ ಬೇಡ, ಕಪ್ಪು ಬಟ್ಟೆ ಪಕ್ಕ ಅದು ಕಣ್ಣು ಕೋರೈಸುತ್ತೆ.

ಎಳೆಯುವ ಕ್ರಮ. ಪೀಸನ್ನ ಟೇಬಲ್ ಮೇಲೆ ಹಾಸಿ ಬಗ್ಗಿ ಬಗ್ಗಿ ನೋಡಬಾರದು. ಕಣ್ಣಿನ ಮುಂದೆ ಒಂದು ಜಾಗ ಗುರುತು ಮಾಡಿ, ಟೇಬಲ್ ಮೇಲೆ ಒಂದು ಗೇಣು ಅಗಲಕ್ಕೆ ಎರಡು ಗೆರೆ ಟೇಪ್ ಹಚ್ಚಿದರೆ ಸಾಕು. ಹೊಲಿಗೆಯನ್ನ ಆ ಗೆರೆಗಳ ನಡುವೆ ತನ್ನಿ: ಎಳೆ, ನಿಲ್ಲಿಸು, ನೋಡು, ಎಳೆ. ಎಳೆಯುತ್ತಲೇ ನೋಡಿದರೆ ಕಣ್ಣು ಬಟ್ಟೆಗೆ ಅಂಟಿಕೊಂಡು ಅದರ ಜೊತೆ ಹೋಗಿ ಹಿಂದಕ್ಕೆ ಜಿಗಿಯುತ್ತೆ, ನಡುವಿನದ್ದು ಬಿಟ್ಟುಹೋಗುತ್ತೆ. ಗೇಣು ಅಂದರೆ 20 ಸೆಂ.ಮೀ., ನಾಲ್ಕು ನಿಲುಗಡೆ, ಒಂದೂಕಾಲು ಸೆಕೆಂಡು. ಕಾಲಿನ ತುದಿಯಿಂದ ಶುರು ಮಾಡಿ, ಬೆಲ್ಟಿಗೆ ಬಂದು ಮುಗಿಸಿ. ಕಣ್ಣು ತಾನಾಗಿ ಹೋಗದ ಜಾಗಕ್ಕೆ ಹೊಸ ಕಣ್ಣು ಸಿಗಲಿ, ಬೆಲ್ಟನ್ನ ಯಾರೂ ಹೇಗೂ ಬಿಡಲ್ಲ.

ಹೊಲಿಗೆ ಎಲ್ಲಿ ಬೇಕಾದರೂ ಬಿಡಲ್ಲ. ಪದರ ದಪ್ಪ ಆಗೋ ಕಡೆ ಸೂಜಿ ಬಾಗಿ ಬಿಡುತ್ತೆ: ನಾಲ್ಕು ಹೊಲಿಗೆ ಕೂಡುವ ತೊಡೆ ಸಂಧಿ, ಯೋಕ್ ಹಿಂದಿನ ರೈಸಿಗೆ ಸೇರುವ ಮೂಲೆ, ಬಾಟಮ್ ಮಡಿಕೆ ಸೈಡ್ ಹೊಲಿಗೆ ದಾಟುವ ಉಬ್ಬು. ಅಲ್ಲೆಲ್ಲ ಎರಡು ಸಲ ನಿಲ್ಲಿ. ಇನ್‌ಸೀಮ್ ಚೈನ್ ಸ್ಟಿಚ್ ಆಗಿದ್ದರೆ ಇನ್ನೂ ಜೋಪಾನ, ಒಂದು ಬಿಟ್ಟರೂ ಎಳೆದ ಹಾಗೆ ಬಿಚ್ಚಿಕೊಳ್ಳುತ್ತಾ ಹೋಗಬಹುದು.

ಶೇಡ್ (ಬಣ್ಣದ ಛಾಯೆಯ ವ್ಯತ್ಯಾಸ) ಮಾತ್ರ ಈ ಸುತ್ತಿನಲ್ಲಿ ನೋಡಬೇಡಿ. ಬಣ್ಣವನ್ನ ಕಣ್ಣು ನೆನಪಿನಲ್ಲಿ ಇಟ್ಟುಕೊಳ್ಳಲ್ಲ. ಮುಂದಿನ ಪ್ಯಾನಲ್, ಹಿಂದಿನ ಪ್ಯಾನಲ್ ಅಂಚಿಗೆ ಅಂಚು ತಾಗಿಸಿ ಇಟ್ಟರೆ ಒಂದು ನೋಟಕ್ಕೆ ಗೊತ್ತಾಗುತ್ತೆ, ಅಡಿ ದೂರ ಇಟ್ಟರೆ ಗೊತ್ತಾಗಲ್ಲ.


ಬಳ್ಳಾರಿ_ಫಿನಿಶಿಂಗ್

ಎಲ್ಲರಿಗೂ ಧನ್ಯವಾದ. ಕೈಯಿಂದ ತೋರಿಸುವ ಪರೀಕ್ಷೆ 20 ಪೀಸಿನ ಮೇಲೆ ಆಯ್ತು. 14 ತಟ್ಟನೆ ಕಂಡವು. 4 ತೋರಿಸಿದರೂ ಕಾಣಲಿಲ್ಲ, ನಾಲ್ಕೂ ಒಬ್ಬರ ಟೇಬಲ್ಲಿನವೇ. ಅವರಿಗೆ 46 ವರ್ಷ, ಓದುವ ಕನ್ನಡಕ ಇದೆ. 2ಕ್ಕೆ ‘ಇದು ನಡೆಯುತ್ತೆ ಬಿಡಿ’ ಅಂದರು.

ತೊಂದರೆ ಏನಂದರೆ 51 ಸೆಕೆಂಡು ಕೊಡೋಕೆ ಆಗಲ್ಲ. ಪೀಸ್ ರೇಟ್ ಲೆಕ್ಕ, 600 ಇಳಿದರೆ ಅವರ ಕೂಲಿಗೇ ಹೊಡೆತ. ಇಬ್ಬರೂ ಒಂದೇ ಪೀಸನ್ನ ಒಬ್ಬರಾದ ಮೇಲೆ ಒಬ್ಬರು ನೋಡಿದರೆ ಹೇಗೆ?


ಕ್ಯೂಸಿ_ಮುಂಡರಗಿ

ಒಬ್ಬರ ಹಿಂದೆ ಒಬ್ಬರು ಪೂರ್ತಿ ಪೀಸು ನೋಡೋದು ಬೇಡ. ಎತ್ತಿ ಇಡೋ ಸಮಯ ಎರಡು ಸಲ ಹೋಗುತ್ತೆ. ಮೊದಲನೆಯವರು ‘ಹಿಂದೆ ಇನ್ನೊಬ್ಬರಿದ್ದಾರೆ’ ಅಂತ, ಎರಡನೆಯವರು ‘ಆಗಲೇ ನೋಡಿದ್ದಾರೆ’ ಅಂತ ಸಡಿಲ ಬಿಡ್ತಾರೆ. ಕೂಲಿ ಮುಟ್ಟದೆ ಕೆಲಸವನ್ನೇ ಹಂಚಿ.

ರಿವಿಟ್, ಲೂಪ್, ಬಾರ್‌ಟ್ಯಾಕ್ ಎಣಿಕೆ ದಾರ ಕಟಿಂಗ್‌ನವರಿಗೆ ಕೊಡಿ. ಅವರ ಬೆರಳು ಹೇಗೂ ಒಂದೊಂದು ಬಾರ್‌ಟ್ಯಾಕ್ ಹತ್ತಿರ ಹೋಗಿ ದಾರ ಕತ್ತರಿಸುತ್ತೆ. ಆ ಕೆಲಸಕ್ಕೆ ರೇಟಿನಲ್ಲಿ ಸ್ವಲ್ಪ ಸೇರಿಸಿ ಕೊಡಿ, ಪುಕ್ಕಟೆ ಮಾಡಿಸಬೇಡಿ.

ಇನ್‌ಸೀಮ್ ಹೊಲಿಗೆ ನೋಡೋದನ್ನ ವಾಶಿಂಗ್‌ಗೆ ಮುಂಚೆ, ಸ್ಟಿಚಿಂಗ್ ಲೈನಿನ ಕೊನೆಗೇ ಮುಗಿಸಿ. ಹೊಲಿಗೆ ಬಿಡೋದು ಮಷಿನ್ನಿನ ತಪ್ಪು, ವಾಶಿಂಗ್‌ದಲ್ಲ. ವಾಶ್ ಆದ ಮೇಲೆ ರಿಪೇರಿ ಮಾಡಿದರೆ ಹೊಸ ದಾರ ಬೇರೆ ಬಣ್ಣಕ್ಕೆ ಕಾಣುತ್ತೆ. ಅಲ್ಲೇ ಹಿಡಿದರೆ ಆಪರೇಟರಿಗೆ ಆಗಲೇ ತೋರಿಸಿ ಸೂಜಿ, ಲೂಪರ್ (ಕೆಳಗಿನ ದಾರದ ಕೊಕ್ಕೆ) ಟೈಮಿಂಗ್ ಸರಿಮಾಡಿಸಬಹುದು, ಹಿಂದಿನ 50 ಪೀಸು ಹಾಳಾಗಲ್ಲ. ಆದರೆ ವಾಶಿಂಗ್‌ನಲ್ಲಿ ದಾರ ಸವೆದು ತುಂಡಾಗೋದುಂಟು. ಅದಕ್ಕೆ ಫಿನಿಶಿಂಗ್‌ನಲ್ಲಿ ಇನ್‌ಸೀಮನ್ನ ಎರಡೂ ಕೈಯಿಂದ ಅಡ್ಡಕ್ಕೆ ಜಗ್ಗಿ ನೋಡಿದರೆ ಸಾಕು, ತುಂಡಾದ ಕಡೆ ಬಾಯಿ ಬಿಡುತ್ತೆ. ತಿರುಗಿಸಿ ಹೇಗೂ ಹಿಡಿದಿರುತ್ತಾರೆ, ಅದೇ ಕೈಚಲನೆಯಲ್ಲಿ ಆಗಿಹೋಗುತ್ತೆ.

ಈಗ ಲೆಕ್ಕ: ಎದ್ದು ಕಾಣುವ ತಾಮ್ರದ ಬಣ್ಣದ ದಾರದ ಹೊಲಿಗೆ, ಅಂದರೆ ಬೆಲ್ಟ್, ಪಾಕೆಟ್, ಯೋಕ್, ಫ್ಲೈ, ಬಾಟಮ್ ಸೇರಿ 444 ಸೆಂ.ಮೀ. ಇದರಲ್ಲಿ ಒಂದು ನಿಲುಗಡೆಗೆ 10 ಸೆಂ.ಮೀ. ಹಿಡಿಯಬಹುದು, 45 ನಿಲುಗಡೆ. ಔಟ್‌ಸೀಮ್ ಮತ್ತು ರೈಸ್ 260 ಸೆಂ.ಮೀ., 5ರ ಲೆಕ್ಕದಲ್ಲಿ 52. ಒಟ್ಟು 97 ನಿಲುಗಡೆ, 29 ಸೆಕೆಂಡು. ನಿಮ್ಮ 30ರೊಳಗೆ ಬಂತು. ಎಲ್ಲ ದಾರವೂ ಬಟ್ಟೆ ಬಣ್ಣದ್ದೇ ಇರುವ ಸ್ಟೈಲ್ ಬಂದರೆ ಈ ಲೆಕ್ಕ ನಡೆಯಲ್ಲ, ಆ ಲಾಟಿಗೆ ರೇಟೂ ಟೈಮೂ ಬೇರೆ ಮಾತಾಡಿಕೊಳ್ಳಿ.


ನೋಟ_ಪಾಠ

ಮುಂಡರಗಿಯವರ ಹಂಚಿಕೆ ಸರಿಯಾಗಿದೆ. ಉಳಿದದ್ದಕ್ಕೆ ಇಷ್ಟು ಸೇರಿಸುತ್ತೇನೆ.

ಆ 14ಕ್ಕೆ ಮದ್ದು ದಾರಿ, ಸಮಯ. ಅದು ಮೇಲೆ ಬಂದಾಯಿತು. ‘ಸರಿಯಾಗಿ ನೋಡು’ ಅನ್ನುವುದು ಕಣ್ಣಿಗೆ ದಾರಿ ತೋರಿಸುವ ಮಾತಲ್ಲ. ಯಾರ್ಬಸ್ ಎಂಬ ರಷ್ಯನ್ ವಿಜ್ಞಾನಿ ಒಂದೇ ಚಿತ್ರವನ್ನು ಒಬ್ಬನಿಗೇ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದಾಗ, ಪ್ರಶ್ನೆ ಬದಲಾದ ಹಾಗೆ ಕಣ್ಣು ಓಡಿದ ದಾರಿಯೂ ಬದಲಾಗಿತ್ತು. ‘ಔಟ್‌ಸೀಮ್, ಕೆಳಗಿಂದ ಮೇಲೆ’ ಅಂತ ಹೇಳಿದರೆ ಕಣ್ಣಿಗೆ ತಿಳಿಯುತ್ತದೆ.

46 ವರ್ಷದವರ 4 ಪೀಸು. ಓದುವ ಕನ್ನಡಕ ಸಾಮಾನ್ಯವಾಗಿ 35ರಿಂದ 40 ಸೆಂ.ಮೀ. ದೂರಕ್ಕೆ ಕೊಟ್ಟಿರುತ್ತಾರೆ. ಟೇಬಲ್ಲಿನ ಬಟ್ಟೆ 55ರಲ್ಲಿದ್ದರೆ ಅದು ಮಂಜಾಗುತ್ತದೆ. ಕಣ್ಣಿನಿಂದ ಬಟ್ಟೆಗೆ ಎಷ್ಟು ದೂರ ಅಂತ ಟೇಪಿನಿಂದ ಅಳೆದು, ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ಪರೀಕ್ಷೆಗೆ ಕಳಿಸಿ, ಹೊಲಿಗೆ ಬಿಟ್ಟ ಒಂದು ತುಂಡು ಬಟ್ಟೆಯನ್ನೂ ಕೊಟ್ಟು ಕಳಿಸಿ. ಎರಡು ಪವರಿನ ಕನ್ನಡಕದಲ್ಲಿ ಹತ್ತಿರದ ಭಾಗ ಕೆಳಗಿನ ಸಣ್ಣ ಕಿಟಕಿಯಷ್ಟೇ ಇರುತ್ತದೆ. ಅದರಲ್ಲಿ ನೋಡಲು ಗದ್ದ ಎತ್ತಿ ದಿನವಿಡೀ ಕುತ್ತಿಗೆ ನೋಯುತ್ತದೆ. ಕೆಲಸದ ಹೊತ್ತಿಗೆ ಆ ದೂರದ್ದೇ ಒಂದು ಪವರಿನ ಪೂರ್ತಿ ಗಾಜು ಒಳ್ಳೆಯದು. ಅದರ ಖರ್ಚು ಯುನಿಟ್ಟಿನದಾಗಲಿ. ಅದು ಆ ಕೆಲಸದ ಸಲಕರಣೆ.

‘ನಡೆಯುತ್ತೆ’ ಅಂದ ಎರಡಕ್ಕೆ ಮಾದರಿ ಬೇಕು. ನಡೆಯುವಂಥದ್ದು, ನಡೆಯದಂಥದ್ದು, ಎರಡರ ಗಡಿಯಲ್ಲಿರುವ ತುಂಡುಗಳನ್ನು ರಟ್ಟಿಗೆ ಹೊಲಿದು ಟೇಬಲ್ ಪಕ್ಕ ನೇತುಹಾಕಿ. ಫೋಟೋ ಸಾಲದು, ಮುಟ್ಟಿ ನೋಡುವ ಹಾಗಿರಬೇಕು.

ದಾರಿ ಹಿಡಿದು ನೋಡಿದರೂ ಹುಡುಕದ್ದು ಕಾಣದೆ ಹೋಗಬಹುದು, ಇದು ನೆನಪಿರಲಿ. 2013ರಲ್ಲಿ ಡ್ರೂ, ವೋ, ವುಲ್ಫ್ ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. 24 ರೇಡಿಯಾಲಜಿಸ್ಟರಲ್ಲಿ 20 ಮಂದಿಗೆ ಅದು ಕಾಣಲಿಲ್ಲ, ಅವರಲ್ಲಿ ಹೆಚ್ಚಿನವರ ನೋಟ ಅದರ ಮೇಲೇ ಬಿದ್ದಿತ್ತು. ಅವರು ಹುಡುಕುತ್ತಿದ್ದದ್ದು ಸಣ್ಣ ಗಂಟು. ಹಾಗಾಗಿ ಹೊಲಿಗೆಯ ಸುತ್ತಿನಲ್ಲಿ ಕಲೆ, ತೂತು, ಶೇಡ್ ಕಾಣಲಿಲ್ಲ ಅಂತ ಯಾರನ್ನೂ ದೂರಬೇಡಿ. ಅದಕ್ಕೆ ಕೊನೆಗೆ ಪೀಸನ್ನು ಎತ್ತಿ ತೋಳಿನಷ್ಟು ದೂರ ಹಿಡಿದು ಮುಂದೊಮ್ಮೆ, ಹಿಂದೊಮ್ಮೆ ಬರೀ ಕಲೆಗೆ ಅಂತಲೇ ನೋಡಲಿ. ದೂರದಿಂದ ನೋಡಿದರೆ ದೊಡ್ಡ ಕಲೆ ತಾನಾಗಿ ಕಣ್ಣಿಗೆ ಬೀಳುತ್ತದೆ.

ಅರ್ಧ ಗಂಟೆಗೊಮ್ಮೆ 5 ನಿಮಿಷ ನೋಟ ಬದಲಿಸಿ. ಸುಮ್ಮನೆ ಕೂರಿಸಬೇಕಾಗಿಲ್ಲ. ಟ್ಯಾಗ್ ಹಾಕುವವರ ಜೊತೆ ಜಾಗ ಬದಲಾಯಿಸಲಿ, ಇಬ್ಬರು ಚೆಕರೂ ಒಂದೇ ಹೊತ್ತಿಗೆ ಏಳುವುದು ಬೇಡ. ಪೀಸ್ ರೇಟಿನಲ್ಲಿ ಆ 5 ನಿಮಿಷದ ಟ್ಯಾಗ್ ಕೆಲಸ ಅವರ ಲೆಕ್ಕಕ್ಕೇ ಬರೆಯಿರಿ.

ಕೊನೆಯದು ‘ಬೇಗ ಇಲ್ಲ ಅನ್ನುವ’ ತೊಂದರೆ. ಗೊತ್ತಿರುವ ಫಾಲ್ಟ್ ಪೀಸುಗಳನ್ನು ಸಾಲಿನಲ್ಲಿ ಬೆರೆಸಿ. ಊಟದ ನಂತರದ ಮೊದಲ 40 ಪೀಸಿನಲ್ಲಿ 8 ಇರಲಿ, ಆಮೇಲೆ ಗಂಟೆಗೆ 3ರಂತೆ. ಹಿಡಿದ ಕೂಡಲೇ ‘ಹೌದು, ಇದು ಬೆರೆಸಿದ್ದು’ ಅಂತ ಹೇಳಿ. ತಪ್ಪಿದ್ದನ್ನೂ ಆ ಹೊತ್ತಿಗೇ ತಂದು ತೋರಿಸಿ, ಸಂಜೆವರೆಗೆ ಇಟ್ಟುಕೊಳ್ಳಬೇಡಿ. ಕೂಲಿ ಕಡಿತಕ್ಕೆ ಇದನ್ನು ಎಂದೂ ಬಳಸಬೇಡಿ. ಬಳಸಿದ ದಿನದಿಂದ ಅವರು ಫಾಲ್ಟ್ ಬಿಟ್ಟು ನಿಮ್ಮ ಪೀಸನ್ನು ಹುಡುಕುತ್ತಾರೆ. ಹಾಗೆಯೇ ಪ್ಯಾಂಟಿನ ಚಿತ್ರ ಬರೆದ ಒಂದು ಹಾಳೆ ಗೋಡೆಗೆ ಅಂಟಿಸಿ, ತಪ್ಪಿದ ಒಂದೊಂದು ಫಾಲ್ಟಿಗೂ ಆ ಜಾಗದಲ್ಲಿ ಒಂದು ಚುಕ್ಕೆ ಇಡಿ. ಎರಡು ವಾರದಲ್ಲಿ ಚುಕ್ಕೆ ಗುಂಪಾದ ಜಾಗವೇ ಕಣ್ಣು ಹೋಗದ ಜಾಗ, ದಾರಿಯನ್ನು ಅಲ್ಲಿಂದ ಶುರುಮಾಡಿ.

ಬೆರೆಸುವ ಪೀಸಿನ ಪಾಕೆಟ್ ಬಟ್ಟೆಯ ಒಳಗೆ ಅಳಿಸದ ಇಂಕಿನಲ್ಲಿ ನಂಬರ್ ಹಾಕಿ, ಬೆಳಿಗ್ಗೆ ಎಷ್ಟು ಕೊಟ್ಟಿರಿ ಅಂತ ಬರೆದಿಡಿ. ಪ್ಯಾಕಿಂಗ್‌ನವರು ಪೆಟ್ಟಿಗೆ ಮುಚ್ಚುವ ಮುಂಚೆ ಅಷ್ಟೂ ನಂಬರ್ ವಾಪಸ್ ಬಂದಿರಬೇಕು. ಒಂದು ಕಡಿಮೆ ಬಂದರೂ ಆ ದಿನದ ಪೆಟ್ಟಿಗೆ ಬಿಚ್ಚಿ.